ಒಬ್ಬನ ಬದಲಿಗೆ ಒಬ್ಬ

ಪರದೇಶಕ್ಕೆ ಹೋಗಿದ್ದ ಮಗ ಊರಿಗೆ ಬಂದವನು ಮನೆಯೊಳಗೆ ಕಾಲಿಡುವ ಮುಂಚೆ ಬೀದಿಯ ಆ ಕಡೆ ಈ ಕಡೆ ನೋಡಿದ್ದು ಜಂಬವ್ವನ ಕಣ್ಣಿಗೆ ಬಿತ್ತು. ಕಂಪ್ಲಿ ಕಡೆಯಿಂದ ಬರುವ ಯಾವುದೋ ಕಬ್ಬಿನ ಲಾರಿಯಲ್ಲಿ ಕೂತು ಬಂದು, ತಮ್ಮೂರು ಮೆಟ್ರಿಯ ನಡುದಾರಿ ಬಿಟ್ಟು ಕಾಲುವೆ ಏರಿ ಹಿಡಿದು, ಹಿತ್ತಲುಗಳ ಸಂದಿಯಿಂದ ಬಂದಿದ್ದ ಪಾಲಪ್ಪ. ದುಬೈಯಿಂದ ಬರುವವರು ಹೇಗೆ ಬರುತ್ತಾರೆಂದು ಊರಿಗೆ ಗೊತ್ತಿತ್ತು. ಹೊಸಪೇಟೆಯಿಂದ ಟ್ಯಾಕ್ಸಿ ಮಾಡಿಸಿಕೊಂಡು, ಕೈಯಲ್ಲಿ ಟೇಪ್ ರೆಕಾರ್ಡರ್ ಹಿಡಿದು, ಹತ್ತು ಮನೆಯಾಚೆಗೂ ಸೆಂಟಿನ ವಾಸನೆ ಬೀರುತ್ತ ಬರುತ್ತಿದ್ದರು. ಇವನ ಕೈಯಲ್ಲಿ ಒಂದು ಚೀಲ. ಅದನ್ನೂ ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡೇ ಕಟ್ಟೆಯ ಮೇಲೆ ಕೂತ.

“ಹುಲುಗ ಎಲ್ಲೋ?” ಎಂದಳು ಜಂಬವ್ವ. ಮೈದಡವುವ ಮೊದಲು ಬಾಯಿಗೆ ಬಂದದ್ದು ಸಣ್ಣ ಮಗನ ಹೆಸರೇ.

“ಅಲ್ಲೇ ಅದಾನ. ಒಬ್ರು ಬಂದ್ರ ಒಬ್ರು ಅಲ್ಲಿರಬೇಕವ್ವ.”

“ಯಾಕ?”

“ಹಂಗ ಐತಿ ಅಲ್ಲಿ.”

ಅಷ್ಟು ಹೇಳಿ ನೀರು ಕೇಳಿದ. ಚೊಂಬಿನ ನೀರು ಪೂರಾ ಕುಡಿದು ಮತ್ತೊಂದು ಚೊಂಬು ಕೇಳಿದ.

ಜಂಬವ್ವನದು ಸ್ವಂತ ಭೂಮಿಯಿಲ್ಲದ ಮನೆ. ತುಂಗಭದ್ರೆಯ ಕಾಲುವೆ ಬಂದಮೇಲೆ ಹೊಲವಿದ್ದವರ ಬದುಕು ಕಣ್ಣೆದುರೇ ಹಸಿರಾಗಿತ್ತು. ಜೋಳದ ಎರೆ ಹೊಲದಲ್ಲಿ ಭತ್ತ ಬಂತು, ಕಬ್ಬು ಬಂತು, ಮಣ್ಣಿನ ಮಾಳಿಗೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಎದ್ದವು. ಆಕೆ ಮಾತ್ರ ಅದೇ ಗದ್ದೆಗಳಲ್ಲಿ ಸೀರೆ ಎತ್ತಿಕಟ್ಟಿ ನಾಟಿ ಹಾಕುತ್ತ, ಕಳೆ ಕೀಳುತ್ತ, ಗಂಡ ಸತ್ತಮೇಲೆ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದ್ದಳು. ದೊಡ್ಡವನು ಪಾಲಪ್ಪ ಸಂಡೂರಿನ ಗಣಿಗೆ ಹೋಗಿ ಡೋಜರ್ ಓಡಿಸುವುದು ಕಲಿತ. ಚಿಕ್ಕವನು ಹುಲುಗಪ್ಪ ಅವನ ಕೈಕೆಳಗೆ ಹೆಲ್ಪರ್ ಆದ. ಪಕ್ಕದ ಮನೆಯ ಪಕೀರಮ್ಮನ ಮಗ ಹೊನ್ನೂರಸ್ವಾಮಿಯೂ ಇವರ ಜೊತೆಗೇ ಇದ್ದ. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಆಫೀಸು ಇಟ್ಟಿದ್ದ ಮರುಳಸಿದ್ದಪ್ಪನೆಂಬ ಏಜೆಂಟ್ ಈ ಮೂವರನ್ನೂ ಅರಬ್ಬರ ನಾಡಿಗೆ ಕಳಿಸಿದ್ದ. ಊರವರ ಬಾಯಲ್ಲಿ ಅರಬ್ಬರ ಊರೆಲ್ಲವೂ ದುಬೈಯೇ. ಇವರು ಹೋದದ್ದು ದುಬೈಗಲ್ಲ, ಅದಕ್ಕಿಂತ ಎಷ್ಟೋ ಆಚೆ, ಮರಳಿನ ನಡುವಿನ ಒಂದು ಊರಿಗೆ. ಕಾಲುವೆ ಕೆಳಗೆ ಒಂದು ತುಂಡು ಗದ್ದೆ ಹಿಡಿಯಬೇಕು, ಅವ್ವ ತನ್ನ ಗದ್ದೆಯಲ್ಲೇ ನಾಟಿ ಹಾಕಬೇಕು ಎಂದು ಹೇಳಿ ಹೋಗಿದ್ದರು.

ಪಾಲಪ್ಪ ಬಂದ ಸುದ್ದಿ ಸಂಜೆಯೊಳಗೆ ಹರಡಿತು. ಮೊದಲು ಓಡಿಬಂದವಳು ಪಕೀರಮ್ಮ. ಗದ್ದೆಯಿಂದ ಬಂದವಳು ಕಾಲಿನ ಕೆಸರು ತೊಳೆದಿರಲಿಲ್ಲ.

“ಪಾಲಾ, ನಮ್ಮ ಹೊನ್ನೂರಸ್ವಾಮಿ ಸಿಕ್ಕಿದ್ನೇನೋ?”

ಎಂಟು ತಿಂಗಳ ಹಿಂದೆ ಮರುಳಸಿದ್ದಪ್ಪ ಅವಳಿಗೆ ಹೇಳಿಕಳಿಸಿದ್ದ: ನಿನ್ನ ಮಗ ಮಾಲೀಕನನ್ನು ಬಿಟ್ಟು ಓಡಿಹೋಗಿದ್ದಾನೆ, ಬೇರೆ ಯಾವುದೋ ಊರಿನಲ್ಲಿ ಕದ್ದು ಕೆಲಸ ಮಾಡುತ್ತಿರಬೇಕು, ಇನ್ನು ನಮ್ಮ ಜವಾಬ್ದಾರಿ ಇಲ್ಲ. ಅವತ್ತಿನಿಂದ ಪಕೀರಮ್ಮ ಮಗನನ್ನು ಬಾಯಿತುಂಬ ಬೈಯುತ್ತ, ಬೈದಷ್ಟೂ ದಾರಿ ನೋಡುತ್ತ ಇದ್ದಳು.

ಪಾಲಪ್ಪ ನೆಲ ನೋಡಿದ. “ಇಲ್ಲ ಸಣ್ಣವ್ವ. ಓಡಿಹೋಗ್ಯಾನ ಅಂತಾರ.”

“ನಿನಗೂ ಹೇಳದಂಗ ಹೋದ್ನಾ? ಒಂದೇ ಗಂಗಾಳದಾಗ ಉಂಡೋರು ನೀವು!”

“ಹೇಳಲಿಲ್ಲ.”

“ಬರಲಿ, ಕಾಲು ಮುರೀತೀನಿ,” ಎಂದು ಪಕೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು. ಮಾರನೆಯ ದಿನ ಮತ್ತೆ ಬಂದಳು. ಅದರ ಮಾರನೆಯ ದಿನವೂ ಬಂದಳು. ತೆಳ್ಳಗಾಗಿದ್ದನೇ, ಗಡ್ಡ ಬಿಟ್ಟಿದ್ದನೇ, ಕೊನೆಗೆ ನೋಡಿದಾಗ ಮೈಮೇಲೆ ಯಾವ ಅಂಗಿ ಇತ್ತು ಎಂದು ಒಂದೊಂದಾಗಿ ಕೇಳುತ್ತಿದ್ದಳು. ಆಕೆಯ ಬಳೆಯ ಸದ್ದು ಕೇಳಿದ ಕೂಡಲೇ ಪಾಲಪ್ಪ ಹಿತ್ತಲಿಗೆ ಎದ್ದುಹೋಗತೊಡಗಿದ. ಹಡೆದ ತಾಯಿಗೆ ಅಷ್ಟೂ ತಿಳಿಯದೇ? ಆದರೂ ಜಂಬವ್ವ ಕೇಳದೆ ದಿನ ದೂಡಿದಳು.

ಅದೇ ವಾರ ಮರುಳಸಿದ್ದಪ್ಪನೇ ಬುಲೆಟ್ ಮೋಟಾರಿನಲ್ಲಿ ಮೆಟ್ರಿಗೆ ಬಂದ. ಬಿಳಿ ಸಫಾರಿ ತೊಟ್ಟ, ಹಣೆಯಲ್ಲಿ ವಿಭೂತಿ ಇಟ್ಟ, ಎಂದೂ ದನಿ ಏರಿಸದ ಮನುಷ್ಯ. ಜಂಬವ್ವ ಕಂಬಳಿ ಹಾಸಿದಳು. ಅವನು ಕೂತು, ಮನೆಯ ಜಂತಿ, ಒಲೆ, ಮೂಲೆಯಲ್ಲಿದ್ದ ಪಾಲಪ್ಪನ ಚೀಲ ಎಲ್ಲವನ್ನೂ ನಿಧಾನವಾಗಿ ನೋಡಿದ.

“ಏನಪ್ಪಾ ಪಾಲಪ್ಪ, ಊರಾಗ ಎಲ್ಲಾರ ಜೊತಿ ಮಾತಾಡಿದಿ?”

“ಇಲ್ರಿ. ಮನ್ಯಾಗ ಅದೀನಿ.”

“ಚಲೋ ಮಾಡಿದಿ. ರಜಕ್ಕ ಬಂದೋರು ಮನ್ಯಾಗ ಇರಬೇಕು, ಉಂಡು ಮಲಗಬೇಕು.” ಜಂಬವ್ವನ ಕಡೆ ತಿರುಗಿ ನಕ್ಕ. “ದೀಪಾವಳಿಗೆ ಮುಂಚೆ ಇವ ಅಲ್ಲಿ ಇರಬೇಕವ್ವ. ತಪ್ಪಿದ್ರ ಹುಲುಗಪ್ಪಗ ತೊಂದ್ರಿ ಆಕ್ಕತಿ. ಪಾಪ, ಸಣ್ಣ ಹುಡುಗ.”

ಬುಲೆಟ್ಟಿನ ಸದ್ದು ಕಂಪ್ಲಿ ದಾರಿಯಲ್ಲಿ ಕರಗಿದ ಮೇಲೂ ಪಾಲಪ್ಪ ಬಾಗಿಲ ಸಂದಿಯಿಂದ ದಾರಿ ನೋಡುತ್ತಲೇ ಇದ್ದ. ಜಂಬವ್ವ ಇನ್ನು ತಡೆಯಲಿಲ್ಲ. “ನಡಿ ನನ್ ಜೊತಿ,” ಎಂದು ಅವನನ್ನು ಎಬ್ಬಿಸಿಕೊಂಡು ಕಾಲುವೆ ಏರಿಗೆ ಹೋದಳು. ನಡುಮಧ್ಯಾಹ್ನ, ಅಲ್ಲಿ ಯಾರೂ ಇರಲಿಲ್ಲ. ನೀರು ದಂಡೆ ಮುಟ್ಟಿ ಹರಿಯುತ್ತಿತ್ತು.

“ಈಗ ಹೇಳು.”

ಪಾಲಪ್ಪ ಮೊದಲು ಹೇಳಿದ್ದು ಅಲ್ಲಿಯ ಕಾಯಿದೆಯನ್ನು. ಪರದೇಶದಿಂದ ದುಡಿಯಲು ಹೋದವನಿಗೆ ಆ ನಾಡಿನಲ್ಲಿ ಇರಲಿಕ್ಕೆ ಒಂದು ಚೀಟಿ ಬೇಕು. ಇಕಾಮಾ ಅನ್ನುತ್ತಾರೆ. ಅದು ಸಿಗುವುದು ಒಬ್ಬ ಮಾಲೀಕನ ಹೆಸರಿನ ಮೇಲೆ. ಅವನನ್ನು ಬಿಟ್ಟು ಇನ್ನೊಬ್ಬನ ಹತ್ತಿರ ದುಡಿಯುವಂತಿಲ್ಲ. ಅವನು ಸಹಿ ಹಾಕದೆ ಆ ನಾಡನ್ನು ಬಿಟ್ಟು ಹೊರಡುವಂತೆಯೂ ಇಲ್ಲ. ಇಳಿದ ದಿನವೇ ಪಾಸ್‌ಪೋರ್ಟು ಮಾಲೀಕನ ಪೆಟ್ಟಿಗೆ ಸೇರುತ್ತದೆ. ಇಕಾಮಾ ಇಲ್ಲದೆ ಬೀದಿಯಲ್ಲಿ ಸಿಕ್ಕರೆ ಪೊಲೀಸರು ನೇರ ಜೈಲಿಗೆ ಹಾಕುತ್ತಾರೆ. ಮಾಲೀಕನು ‘ಇವನು ಓಡಿಹೋದ’ ಎಂದು ಒಂದು ಮಾತು ಹೇಳಿದರೆ ಸಾಕು, ಆಮೇಲೆ ಅವನನ್ನು ಕೇಳುವವರಿಲ್ಲ.

“ಡೋಜರ್ ಕೆಲಸ ಅಂತ ಕರಕಂಡು ಹೋದ್ರವ್ವ. ಇಕಾಮಾದಾಗ ಮಾತ್ರ ಕೂಲಿ ಅಂತ ಬರಸಿದ್ರು. ಡೋಜರ್ ಓಡಿಸಾಕ ಹಚ್ಚಿದ್ರು. ಕೂಲಿ ಅಂತ ಇದ್ದೋನು ಮಷಿನ್ ಮುಟ್ಟಿದ್ರ ಅಲ್ಲಿ ಅಪರಾಧ. ಹಂಗಾಗಿ ನಾ ಮುಟ್ಟಿದ ದಿನದಿಂದನ ಅವರ ಕೈಯಾಗ ಸಿಕ್ಕಂಡಿದ್ದೆ.”

“ಹೊನ್ನೂರಸ್ವಾಮಿ?”

ಪಾಲಪ್ಪ ನೀರಿನ ಕಡೆ ನೋಡಿದ. ಮಾಲೀಕನ ಜಾಗದಲ್ಲಿ ನೆಲದೊಳಗೆ ಒಂದು ಹಳೆಯ ಟ್ಯಾಂಕು ಇತ್ತು. ಒಳಗೆ ಏನು ತುಂಬಿಡುತ್ತಿದ್ದರೋ, ಮುಚ್ಚಳ ತೆಗೆದರೆ ಕಣ್ಣು ಉರಿಯುತ್ತಿತ್ತು. ಅದರ ತಳದ ರಾಡಿ ಬಳಿಯಲು ಹೊನ್ನೂರಸ್ವಾಮಿಯನ್ನು ಇಳಿಸಿದರು. ಇಳಿದವನು ಒಂದು ಸಲ ಕೂಗಿದ. ಹುಲುಗಪ್ಪ ಹಗ್ಗ ಹಿಡಿದು ಇಳಿಯಲು ಹೋದಾಗ ಪಾಲಪ್ಪನೇ ಅವನನ್ನು ತಬ್ಬಿ ಹಿಂದಕ್ಕೆಳೆದ. ಒಳಗಿನ ಸದ್ದು ನಿಂತಮೇಲೆ ಮಾಲೀಕನ ಮೇಸ್ತ್ರಿ ಡೋಜರಿನ ಬೀಗದ ಕೈ ತಂದು ಪಾಲಪ್ಪನ ಮುಂದೆ ಹಿಡಿದ. ಮರಳು ತಳ್ಳು ಅಂದ.

“ನಾ ಒಲ್ಲೆ ಅಂದೆ. ಅವ ತನ್ನ ಕಿಸೆದಿಂದ ಹುಲುಗನ ಇಕಾಮಾ ತಗದು ತೋರಿಸಿದ. ಇದನ್ನ ಹರದು ಒಗದು ಇವನ್ನೂ ಓಡಿಹೋದ ಅಂತ ಹೇಳ್ಲಾ ಅಂದ. ನಾ ಮರಳು ತಳ್ಳಿದೆ ಯವ್ವಾ.”

ಜಂಬವ್ವ ಮಗನ ತಲೆಯನ್ನು ಎಳೆದು ತನ್ನ ಹೆಗಲಿಗೆ ಒತ್ತಿಕೊಂಡಳು. ಪಕೀರಮ್ಮ ಬೈದದ್ದೆಲ್ಲ ಅವಳ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಮಣ್ಣು ಸೇರಿದವನ ಕಾಲು ಮುರಿಯುತ್ತೇನೆ ಎನ್ನುತ್ತಿದ್ದಳಲ್ಲ ಆಕೆ!

“ನಿನ್ನ ಯಾಕ ಬಿಟ್ರು?”

“ಅನ್ನ ಒಳಗ ಹೋಗ್ತಿದ್ದಿಲ್ಲ. ಸೈಟಿನ್ಯಾಗ ಎಲ್ಲಾರ ಮುಂದ ಚೀರಾಡ್ತಿದ್ದೆ. ಊರಿಗೆ ಹೋಗಿ ಸುಧಾರಿಸಿಕಂಡು ಬಾ, ತಮ್ಮ ಇಲ್ಲೇ ಇರ್ತಾನ ಅಂದ್ರು. ನಾ ಬಾಯಿ ಬಿಟ್ರೂ ಹುಲುಗ ಹೋದ. ತಿರುಗಿ ಹೋಗದಿದ್ರೂ ಹುಲುಗ ಹೋದ.”

“ತಿರುಗಿ ಹೋದ್ರ?”

ಪಾಲಪ್ಪ ಒಂದು ಹೆಂಟೆ ಎತ್ತಿ ಕಾಲುವೆಗೆ ಎಸೆದ. ಕಣ್ಣಾರೆ ಕಂಡವನನ್ನು ಮರಳಿ ಕರೆಸಿಕೊಳ್ಳುತ್ತಿರುವುದು ಅವನನ್ನೂ ಮಣ್ಣಿಗೆ ಸೇರಿಸಲಿಕ್ಕೇ ಎಂದು ಆ ನಡುಬಿಸಿಲಿನಲ್ಲಿ ಜಂಬವ್ವನಿಗೆ ಹೊಳೆಯಿತು.

ಮೂರು ದಿನ ಆಕೆ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಹಿತ್ತಲಿನ ಗೊನೆಯಿಂದ ಎರಡು ಚಿಪ್ಪು ಸುಗಂಧಿ ಬಾಳೆ ಕೊಯ್ದು ಬುಟ್ಟಿಗೆ ಹಾಕಿಕೊಂಡು ಒಬ್ಬಳೇ ಹೊಸಪೇಟೆ ಬಸ್ಸು ಹತ್ತಿದಳು. ಬಟ್ಟೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಏರಿ ಹೋದರೆ ಮೇಲೆ ಫ್ಯಾನಿನ ಕೆಳಗೆ ಮರುಳಸಿದ್ದಪ್ಪ ಕೂತಿದ್ದ. ಗೋಡೆಯ ಮೇಲೆ ವಿಮಾನದ ಚಿತ್ರವಿದ್ದ ಕ್ಯಾಲೆಂಡರು.

“ಪಾಲಪ್ಪಗ ಕಾಮಣಿ ಆಗೇತ್ರಿ ಸಾವ್ಕಾರ್ರ,” ಎಂದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. “ಕಣ್ಣು, ಉಗುರು ಎಲ್ಲಾ ಅರಿಶಿಣ. ಡಾಕ್ಟ್ರು ದೂರ ಹೋಗಬ್ಯಾಡ ಅಂದಾರ. ಸಣ್ಣವನ್ನ ಒಂದು ಸಲ ಕಳಸ್ರಿ. ಅವನಿಗೆ ಹೆಣ್ಣು ನೋಡೀನಿ. ಮದುವಿ ಮಾಡಿ ಇಬ್ಬರೂ ಮಕ್ಳನ್ನ ನಾನ ಕರಕಂಡು ಬಂದು ಗಾಡಿ ಹತ್ತಸ್ತೀನಿ.”

ಮರುಳಸಿದ್ದಪ್ಪ ಬಾಳೆಹಣ್ಣು ಮೂಸಿ ನೋಡಿದ. “ಪಾಲಪ್ಪ ಅಲ್ಲಿದೇನಾರ ಹೇಳಿದ್ನೇನು ನಿನಗ?”

“ಏನ್ ಹೇಳ್ತಾನ್ರಿ? ಬಿಸಲು ಭಾಳ, ನೀರು ಉಪ್ಪು ಅಂತಾನ.”

“ಹೊನ್ನೂರಸ್ವಾಮಿ ವಿಷಯ?”

“ಓಡಿಹೋದ ಅಂದ. ಮೈಗಳ್ಳ ಅದಾನ್ರಿ ಅವ, ಸಣ್ಣಾಂವಿದ್ದಾಗಿಂದ.”

ಹೇಳಿಯಾದ ಮೇಲೆ ಸತ್ತ ಹುಡುಗನಿಗೆ ಮಣ್ಣು ಹಾಕುವವರ ಸಾಲಿನಲ್ಲಿ ತಾನೂ ನಿಂತೆ ಅನ್ನಿಸಿತು ಜಂಬವ್ವನಿಗೆ. ಮರುಳಸಿದ್ದಪ್ಪ ಆಕೆಯ ಮುಖವನ್ನೇ ನೋಡುತ್ತಿದ್ದ. ಗದ್ದೆ ಬಿಸಿಲಿಗೆ ಸುಟ್ಟ ಆ ಮುಖದಲ್ಲಿ ಅವನಿಗೆ ಏನೂ ಸಿಗಲಿಲ್ಲ.

“ಕಾಯಿದೆ ನಂದಲ್ಲ ಯವ್ವ, ಅಲ್ಲಿ ಸರ್ಕಾರದ್ದು. ಆ ಮಾಲೀಕಗ ಇಷ್ಟು ಮಂದಿ ಇಟ್ಗೋಬಹುದು ಅಂತ ಕೊಟ್ಟಿರ್ತಾರ. ಒಬ್ಬ ಹೊರಗ ಬರಬೇಕಂದ್ರ ಅವನ ಜಾಗಕ್ಕ ಇನ್ನೊಬ್ಬ ಒಳಗ ಹೋಗಬೇಕು. ಒಬ್ಬನ ಬದ್ಲಿ ಒಬ್ಬ.”

“ಯಾರ್ನರ ನೋಡ್ರಿ ಸಾವ್ಕಾರ್ರ,” ಎಂದಳು ಜಂಬವ್ವ. “ನನ್ ಮಗನ್ನ ಕಳಸ್ರಿ. ಅವನ ಜಾಗಕ್ಕ ಯಾರ್ನರ ನೋಡ್ರಿ.”

“ನೋಡೋಣು,” ಎಂದು ಅವನು ಒಂದು ಹಣ್ಣು ಸುಲಿದ.

ಊರಿಗೆ ಬಂದು ಆಕೆ ಮಗನಿಗೆ ಇಷ್ಟೇ ಹೇಳಿದಳು: ಹುಲುಗ ಬರ್ತಾನ, ನೀ ಹಾಸಿಗಿ ಬಿಟ್ಟು ಏಳಬ್ಯಾಡ. ಪಾಲಪ್ಪ ಕಂಬಳಿ ಹೊದ್ದು ಮಲಗಿದ. ನೋಡಲು ಬಂದವರಿಗೆ ಜಂಬವ್ವ ಕಾಮಣಿ ಎಂದಳು. ಹುಲುಗನ ಮುಖ ಕಂಡ ದಿನವೇ ಪಕೀರಮ್ಮನ ಮುಂದೆ ಎಲ್ಲವನ್ನೂ ಹೇಳಿಬಿಡಬೇಕು, ಆಕೆ ಬೇಕಾದರೆ ತನ್ನನ್ನು ಕೊಲ್ಲಲಿ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದಳು.

ಹದಿನೈದು ದಿನವೂ ಆಗಿರಲಿಲ್ಲ. ಪಕೀರಮ್ಮ ಬಾಳೆಲೆಯಲ್ಲಿ ಸುತ್ತಿದ ಹೋಳಿಗೆ ಹಿಡಿದು ಬಂದಳು. ಎಷ್ಟೋ ದಿನದ ಮೇಲೆ ತಲೆ ಬಾಚಿ ಹೂ ಮುಡಿದಿದ್ದಳು.

“ಜಂಬಕ್ಕಾ, ನಮ್ಮ ಸಣ್ಣಾಂವ ಭರಮಣ್ಣ ದುಬೈಗೆ ಹೊಂಟ! ಮರುಳಸಿದ್ದಪ್ಪಾರು ತಾವಾಗಿ ಮನೀಗೆ ಬಂದಿದ್ರು. ಅದೇ ಮಾಲೀಕನ ಹತ್ರ ಅಂತ. ಅಣ್ಣನ ಹೆಸರು ಕೆಡಿಸಿದ್ದಕ್ಕ ತಮ್ಮ ಹೋಗಿ ದುಡದು ತೋರಸಲಿ ಅಂದ್ರು. ಇವ ಹೋಗಿ ಅವನ್ನ ಹುಡುಕಿ ಕಿವಿ ಹಿಡಕಂಡು ತರ್ತೀನಿ ಅಂತಾನ.”

ಜಂಬವ್ವನ ಕೈಯಲ್ಲಿದ್ದ ಮೊರದಿಂದ ಅಕ್ಕಿ ನೆಲಕ್ಕೆ ಸುರಿಯಿತು. ಪಕೀರಮ್ಮ ನಗುತ್ತ ಬಗ್ಗಿ ಅಕ್ಕಿ ಬಳಿದು ಕೊಟ್ಟಳು. ಒಳಗೆ ಕಂಬಳಿ ಹೊದ್ದಿದ್ದ ಪಾಲಪ್ಪ ಗೋಡೆಯ ಕಡೆ ಹೊರಳಿದ.

ಪಕೀರಮ್ಮ ಹೋದಮೇಲೆ ಅವನು ಎದ್ದು ಕೂತ. “ಯವ್ವಾ, ಹೇಳಿಬಿಡೋಣು.”

“ಹುಲುಗ?”

“ಭರಮಣ್ಣಗ ಇನ್ನ ಮೀಸಿ ಸುದ್ದ ಬಂದಿಲ್ಲ.”

“ಹುಲುಗ ಏನಾಗಬೇಕಲೇ?” ಎಂದು ಆಕೆ ಕಿರುಚಿದಳು. ಮಗ ಮತ್ತೆ ಕಂಬಳಿ ಎಳೆದುಕೊಂಡ.

ಇಬ್ಬರೂ ಬಾಯಿ ಬಿಡದೆಯೇ ದಿನಗಳು ಕಳೆದವು. ಭರಮಣ್ಣ ಕಂಪ್ಲಿಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದ. ಎರಡು ಪ್ಯಾಂಟು ಹೊಲಿಸಿದ. ಸಂಜೆಯಾದರೆ ಪಾಲಪ್ಪನ ತಲೆದೆಸೆಗೆ ಬಂದು ಕೂತು ಅಲ್ಲಿಯ ಮಾತು ಕಲಿಸು ಎಂದು ಗಂಟುಬೀಳುತ್ತಿದ್ದ.

“ನೀರಿಗೆ ಏನಂತಾರಣ್ಣ?”

“ಮೋಯಾ.”

“ಕೆಲಸಕ್ಕ?”

“ಶುಗುಲ್.”

“ಒಲ್ಲೆ ಅನ್ನಾಕ?”

“ಲಾ.”

“ಲಾ, ಲಾ,” ಎಂದು ಭರಮಣ್ಣ ನಕ್ಕು ಮತ್ತೆ ಮತ್ತೆ ಹೇಳಿದ. ಪಾಲಪ್ಪ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. “ಕಾಮಣಿ ಇನ್ನ ಇಳಿದಿಲ್ಲ ನೋಡು ದೊಡ್ಡವ್ವ, ನೆಲನೆಲ್ಲಿ ರಸ ಕುಡಸು,” ಎಂದು ಹುಡುಗ ಜಂಬವ್ವನಿಗೆ ಹೇಳಿಹೋದ. ಮಾರನೆಯ ಬೆಳಿಗ್ಗೆ ಎಲ್ಲಿಂದಲೋ ಒಂದು ಕಟ್ಟು ನೆಲನೆಲ್ಲಿ ಕಿತ್ತು ತಂದು ಬಾಗಿಲಲ್ಲಿಟ್ಟಿದ್ದ.

ಹೊರಡುವ ಹಿಂದಿನ ದಿನ ಮರುಳಸಿದ್ದಪ್ಪ ಆಳಿನ ಕೈಯಲ್ಲಿ ಹೇಳಿಕಳಿಸಿದ: ಹುಲುಗಪ್ಪನನ್ನು ಹೊರಗೆ ಬಿಡಲು ಮಾಲೀಕ ಸಹಿ ಹಾಕಿದ್ದಾನೆ, ಹೊಸ ಹುಡುಗ ಬಂದು ಇಳಿದ ಕೂಡಲೇ ಇವನನ್ನು ವಿಮಾನ ಹತ್ತಿಸುತ್ತಾರೆ. ಜಂಬವ್ವ ದೇವರ ಗೂಡಿನ ಮುಂದೆ ದೀಪ ಹಚ್ಚಲು ಹೋಗಿ, ಕಡ್ಡಿ ಗೀರಿ, ಹಚ್ಚದೆಯೇ ಆರಿಸಿದಳು.

ಭರಮಣ್ಣನನ್ನು ಕಳಿಸಲು ಆಕೆಯೂ ಹೊಸಪೇಟೆಗೆ ಹೋದಳು. ಹೋಗದಿದ್ದರೆ ಪಕೀರಮ್ಮ ಏನೆಂದುಕೊಂಡಾಳು ಎಂದು ಹೋದದ್ದು. ಬೆಳಗಿನ ಗಾಡಿಗೆ ಗುಂತಕಲ್ಲಿಗೆ ಹೋಗಿ ಅಲ್ಲಿಂದ ಬೊಂಬಾಯಿ ಗಾಡಿ ಹಿಡಿಯಬೇಕು. ಸ್ಟೇಷನ್ನಿನ ಪಕ್ಕದ ಹಳಿಗಳ ಮೇಲೆ ಅದಿರು ತುಂಬಿದ ವ್ಯಾಗನ್ನುಗಳು ಸಾಲಾಗಿ ನಿಂತಿದ್ದವು. ಪ್ಲಾಟ್‌ಫಾರಮ್ಮಿನ ಮೇಲೆಲ್ಲ ಕೆಂಪು ಧೂಳು. ಬಂಡ್ರಿ ಕಡೆಯ ನಾಲ್ವರು ಗಣಿ ಹುಡುಗರೂ ಹೊಸ ಬಟ್ಟೆ ತೊಟ್ಟು ಬಂದಿದ್ದರು. ಅವರ ನಡುವೆ ಮರುಳಸಿದ್ದಪ್ಪ ಎಲ್ಲರ ಪಾಸ್‌ಪೋರ್ಟುಗಳನ್ನು ರಬ್ಬರ್ ಹಾಕಿ ಕಟ್ಟಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದ.

ಗಾಡಿ ಬಂತು. ಭರಮಣ್ಣ ಅವ್ವನ ಕಾಲಿಗೆ ಬಿದ್ದ. ಆಮೇಲೆ ಜಂಬವ್ವನ ಕಾಲು ಮುಟ್ಟಿ, “ದೊಡ್ಡವ್ವ, ನೀ ಚಿಂತಿ ಮಾಡಬ್ಯಾಡ. ನಾ ಹೋಗಿ ಹುಲುಗಣ್ಣನ್ನ ಕಳಿಸಿ ಕೊಡ್ತೀನಿ,” ಎಂದ.

ಅವನಿಗೆ ಯಾರು ಹೇಳಿದರೋ. ತನ್ನಿಂದ ಹುಲುಗಪ್ಪನಿಗೆ ರಜ ಸಿಗುತ್ತದೆ ಎಂಬಷ್ಟು ಮಾತ್ರ ಅವನಿಗೆ ಗೊತ್ತಿತ್ತು, ಅದಕ್ಕೆ ಹಿಗ್ಗಿದ್ದ. ಜಂಬವ್ವ ಅವನ ತಲೆಯ ಮೇಲೆ ಕೈಯಿಟ್ಟಳು. ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ ಕೂದಲು ಕೈಗೆ ಹತ್ತಿತು. ಆ ಕೈಯನ್ನು ತೆಗೆಯಲು ಅವಳಿಂದಾಗಲಿಲ್ಲ.

“ಹೋಗಬ್ಯಾಡ,” ಎಂದಳು.

“ಏನಂದಿ ದೊಡ್ಡವ್ವ?”

“ಪಕೀರವ್ವ, ಇವನ್ನ ಹತ್ತಸಬ್ಯಾಡ. ನಿನ್ನ ಹೊನ್ನೂರಸ್ವಾಮಿ ಓಡಿಹೋಗಿಲ್ಲ. ಸತ್ತಾನ. ಅಲ್ಲೇ ನೆಲದಾಗ ಮುಚ್ಯಾರ. ಪಾಲ ಕಣ್ಣಿಲೆ ನೋಡ್ಯಾನ.”

ಇಂಜಿನ್ನು ಹೊಗೆ ಬಿಡುತ್ತ ನಿಂತಿತ್ತು. ಪಕೀರಮ್ಮ ಮಗನ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಡಬ್ಬಿಯ ಬಾಗಿಲಿನಿಂದ ಎಳೆದಳು. ಅವನ ಚೀಲ ಉರುಳಿ ಕೆಂಪು ಧೂಳಿನಲ್ಲಿ ಬಿತ್ತು.

“ಯಾವಾಗಿಂದ ಗೊತ್ತು ನಿನಗ?”

“ಪಾಲ ಬಂದ ವಾರದಿಂದ.”

“ಹೋಳಿಗಿ ತಂದು ಕೊಟ್ಟಾಗ ಗೊತ್ತಿತ್ತಾ?”

“ಗೊತ್ತಿತ್ತು.”

ಪಕೀರಮ್ಮ ಆಕೆಯ ಕೆನ್ನೆಗೆ ಹೊಡೆದಳು. ಒಂದಲ್ಲ, ಕೈ ಸೋಲುವ ತನಕ ಹೊಡೆದಳು. ಜಂಬವ್ವ ಮುಖ ತಿರುಗಿಸಲಿಲ್ಲ. ಬಂಡ್ರಿಯ ಹುಡುಗರು ಗಾಡಿ ಹತ್ತಿದ್ದವರು ಇಳಿದು ಸುತ್ತ ನಿಂತರು. ಜನರ ನಡುವೆ ದಾರಿ ಮಾಡಿಕೊಂಡು ಮರುಳಸಿದ್ದಪ್ಪ ಬಂದ. ಅವನ ಮುಖದ ನಗು ಹಾಗೆಯೇ ಇತ್ತು. ಎಲ್ಲರಿಗೂ ಕೇಳುವಂತೆ, “ಪಾಪ, ಮಗಗ ಹುಷಾರಿಲ್ಲ, ಇಕಿಗೆ ತಲಿ ಕೆಟ್ಟೈತಿ,” ಎಂದ. ಆಮೇಲೆ ಜಂಬವ್ವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: “ನಿನ್ ಸಣ್ಣ ಮಗ ಇನ್ನ ಅಲ್ಲೇ ಅದಾನ. ನೆನಪೈತಿಲ್ಲ?”

ಜಂಬವ್ವ ಅವನ ಮುಖಕ್ಕೆ ಉಗಿದಳು. ಅವನು ಕರ್ಚೀಫು ತೆಗೆದು ನಿಧಾನವಾಗಿ ಒರೆಸಿಕೊಂಡು, ಪಾಸ್‌ಪೋರ್ಟಿನ ಕಟ್ಟನ್ನು ಕಿಸೆಗೆ ಇಳಿಸಿ, ಚಲಿಸತೊಡಗಿದ ಗಾಡಿಯನ್ನು ಒಬ್ಬನೇ ಹತ್ತಿದ.

ಅವತ್ತೇ ಪಾಲಪ್ಪ ಕಂಬಳಿ ಕಿತ್ತೆಸೆದು ಎದ್ದ. ಕಂಪ್ಲಿ ಠಾಣೆಗೆ ಹೋದ, ಅವರು ಹೇಳಿದಂತೆ ಬಳ್ಳಾರಿಗೂ ಹೋದ. ಮರಳು ತಳ್ಳಿದವನು ತಾನೇ ಎಂಬುದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಿ ಬಂದ. ದಿಲ್ಲಿಗೆ ಬರೆಯುತ್ತೇವೆ, ಅವರು ಆ ನಾಡಿನ ಸರ್ಕಾರವನ್ನು ಕೇಳಬೇಕು, ತಡವಾಗುತ್ತದೆ ಎಂದರು. ಸ್ಟೇಷನ್ ರಸ್ತೆಯ ಮಹಡಿಯ ಮೇಲಿನ ಆಫೀಸಿಗೆ ಬೀಗ ಬಿತ್ತು. ಮುಂದಿನ ಅಮಾವಾಸ್ಯೆ ಹೊತ್ತಿಗೆ ಬೋರ್ಡೂ ಇರಲಿಲ್ಲ. ಮರುಳಸಿದ್ದಪ್ಪ ಹೈದರಾಬಾದಿನಲ್ಲಿ ಇದೇ ಧಂದೆ ನಡೆಸುತ್ತಿದ್ದಾನೆ ಎಂದು ಕೆಲವರು ಹೇಳಿದರು.

ಹುಲುಗಪ್ಪನ ಸುದ್ದಿ ನಿಂತುಹೋಯಿತು. ಕೊನೆಗೊಂದು ದಿನ ಗುರುತಿಲ್ಲದ ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಬಂದು ಬೀದಿಯಲ್ಲೇ ನಿಂತು, “ಹುಲುಗಪ್ಪ ಮಾಲೀಕನ್ನ ಬಿಟ್ಟು ಓಡಿಹೋಗ್ಯಾನಂತ, ತಿಳಿಸಿ ಬಾ ಅಂದಾರ,” ಎಂದು ಹೇಳಿ, ಯಾರು ಅಂದರು ಎಂದು ಕೇಳುವಷ್ಟರಲ್ಲಿ ಹೊರಟುಹೋದ. ಜಂಬವ್ವ ಹೊಸ್ತಿಲಲ್ಲಿ ಕುಸಿದಳು. ಆ ಮಾತಿನ ಅರ್ಥ ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಪಕ್ಕದ ಮನೆಯಲ್ಲಿ ಹೆಣವಿಲ್ಲದ ಮಗನಿಗೆ ದಿನಕರ್ಮ ಮಾಡಿದರು. ಪಾಲಪ್ಪ ಹೋಗಿ ಬಾಗಿಲಾಚೆ ಕೂತ. ಅವನಿಗೂ ಎಲೆ ಹಾಕಿದರು, ಆದರೆ ಪಕೀರಮ್ಮ ಅವನ ಕಡೆ ನೋಡಲಿಲ್ಲ. ಜಂಬವ್ವನನ್ನು ಕರೆಯಲೇ ಇಲ್ಲ. ಆಮೇಲೆ ಇಬ್ಬರು ಹೆಂಗಸರೂ ಒಂದೇ ಗದ್ದೆಗೆ ಕೂಲಿಗೆ ಹೋಗುವುದನ್ನು ಬಿಟ್ಟರು. ನಾಟಿ ಮುಗಿಯಿತು, ಕೊಯ್ಲು ಮುಗಿಯಿತು, ಕಾಲುವೆಗೆ ನೀರು ನಿಲ್ಲಿಸಿದರು, ಮತ್ತೆ ಬಿಟ್ಟರು. ಪಾಲಪ್ಪ ಸಂಡೂರಿನ ಗಣಿಗೆ ವಾಪಸು ಹೋದವನು ಡೋಜರ್ ಹತ್ತಲು ಒಪ್ಪದೆ ಬುಟ್ಟಿ ಹೊರುತ್ತಿದ್ದ. ಮದುವೆಯ ಮಾತೆತ್ತಿದರೆ ಎದ್ದುಹೋಗುತ್ತಿದ್ದ.

ಮುಂಗಾರು ನಾಟಿಯ ಹೊತ್ತಿಗೆ ಗಂಗಾವತಿ ಕಡೆಯ ಮುದುಕಪ್ಪ ಎಂಬ ಗಾರೆ ಕೆಲಸದವನು ಮನೆ ಹುಡುಕಿಕೊಂಡು ಬಂದ. ಆ ನಾಡಿನಲ್ಲೇ ಬೇರೊಬ್ಬ ಮಾಲೀಕನ ಹತ್ತಿರ ಇದ್ದವನು, ರಜಕ್ಕೆ ಬಂದಿದ್ದ. ವಾರ ಬಿಟ್ಟು ಮತ್ತೆ ಹೋಗುವವನಿದ್ದ.

“ಹುಲುಗಪ್ಪ ಜೀವಂತ ಅದಾನವ್ವ,” ಎಂದ.

ಜಂಬವ್ವ ಕಂಬ ಹಿಡಿದು ನಿಂತಳು. ಗಣಿಯಿಂದ ಊರಿಗೆ ಬಂದಿದ್ದ ಪಾಲಪ್ಪ ಒಳಗಿನಿಂದ ಓಡಿಬಂದ.

ಮುದುಕಪ್ಪ ಹೇಳಿದ್ದು ಇಷ್ಟು. ಭರಮಣ್ಣ ಬರಲಿಲ್ಲವೆಂಬ ಸುದ್ದಿ ಮುಟ್ಟಿದ ದಿನ ಮೇಸ್ತ್ರಿ ಹುಲುಗಪ್ಪನನ್ನು ಲಾರಿಯಲ್ಲಿ ಕೂಡಿಸಿಕೊಂಡು ಮರಳಿನ ಕಡೆ ಹೊರಟಿದ್ದ. ದಾರಿಯಲ್ಲಿ ಲಾರಿ ನಿಧಾನವಾದಾಗ ಹುಡುಗ ಹಾರಿ ಓಡಿದ. ಈಗ ಮುದುಕಪ್ಪನೇ ಇರುವ ದೊಡ್ಡ ಊರಿನಲ್ಲಿ ಒಂದು ರೊಟ್ಟಿ ಭಟ್ಟಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಾನೆ. ಅಲ್ಲೇ ಉಣ್ಣುತ್ತಾನೆ, ಅಲ್ಲೇ ಮೂಟೆಗಳ ಹಿಂದೆ ಮಲಗುತ್ತಾನೆ. ಇಕಾಮಾ ಇಲ್ಲ, ಪಾಸ್‌ಪೋರ್ಟಿಲ್ಲ.

“ಹಂಗಾರ ಕರಕಂಡು ಬಂದುಬಿಡ್ರಿ ಯಪ್ಪಾ,” ಎಂದಳು ಜಂಬವ್ವ. “ಜೈಲಿಗೆ ಹಾಕಿದ್ರ ಹಾಕಲಿ, ಆಮ್ಯಾಲ ಊರಿಗೆ ಕಳಸ್ತಾರಲ್ಲ?”

ಮುದುಕಪ್ಪ ತಲೆ ಅಲ್ಲಾಡಿಸಿದ. “ಅಲ್ಲೇ ಐತಿ ನೋಡವ್ವ ತೊಡಕು. ಪೊಲೀಸ್ರು ಹಿಡದ್ರ ಮೊದಲು ಅವನ ಮಾಲೀಕಗ ಹೇಳಿಕಳಸ್ತಾರ, ನಿನ್ನ ಆಳು ಸಿಕ್ಕಾನ, ಬಂದು ಕರಕಂಡು ಹೋಗು ಅಂತ. ಹಂಗ ಐತಿ ಅಲ್ಲಿ ಕಾಯಿದೆ.”

ಬಾಗಿಲಿನ ಬೆಳಕು ಮಬ್ಬಾದಂತಾಗಿ ಜಂಬವ್ವ ತಲೆಯೆತ್ತಿದಳು. ಹೊರಗೆ ಪಕೀರಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. ಸ್ಟೇಷನ್ನಿನ ಆ ಗಲಾಟೆಯ ನಂತರ ಈ ಹೊಸ್ತಿಲ ಹತ್ತಿರ ಬಂದದ್ದು ಇದೇ ಮೊದಲು. ಒಳಗೆ ಬರಲಿಲ್ಲ. ಮುದುಕಪ್ಪನನ್ನು ನೋಡಿ, “ಅವನ ಮೈಯಾಗ ಆರಾಮೈತೇನ್ರಿ?” ಎಂದು ಕೇಳಿದಳು.

“ಐತ್ರಿ. ಬೆಳಕಿಗೆ ಬರದ ಮುಖ ಬೆಳ್ಳಗಾಗೇತಿ, ಅಷ್ಟೇ.”

ಪಕೀರಮ್ಮ ತಿರುಗಿ ತನ್ನ ಮನೆಗೆ ಹೋದಳು.

ಜಂಬವ್ವ ಒಲೆ ಹೊತ್ತಿಸಿ ಖಡಕ್ ರೊಟ್ಟಿ ಬಡಿದಳು. ಶೇಂಗಾ ಪುಡಿ ಕುಟ್ಟಿದಳು. ಎಲ್ಲವನ್ನೂ ಹಳೆಯ ಸೀರೆಯ ತುಂಡಿನಲ್ಲಿ ಬಿಗ್ಗ ಕಟ್ಟಿ ಮುದುಕಪ್ಪನ ಕೈಗೆ ಕೊಟ್ಟಳು.

“ಅವ್ವ ಏನಂದ್ಲು ಅಂತ ಕೇಳ್ತಾನ. ಏನ್ ಹೇಳ್ಲಿ?” ಎಂದು ಅವನು ಚಪ್ಪಲಿ ಮೆಟ್ಟುತ್ತ ಕೇಳಿದ.

ಬಾ ಎಂದು ಹೇಳಿಕಳಿಸಬೇಕೆನಿಸಿತು. ಜಂಬವ್ವ ಅವನ ಕೈಯಲ್ಲಿದ್ದ ಗಂಟನ್ನು ಇನ್ನೊಮ್ಮೆ ಬಿಗಿದಳು.

“ಹೊರಗ ಬರಬ್ಯಾಡ ಅಂತ ಹೇಳ್ರಿ,” ಎಂದಳು. “ಯಾರು ಹೆಸರು ಹಿಡದು ಕರದ್ರೂ ಓಗೊಡಬ್ಯಾಡ ಅನ್ರಿ. ನಿಮ್ಮವ್ವ ಸತ್ತಾಳ ಅಂತ ಬಂದು ಹೇಳಿದ್ರೂ ಹೊರಗ ಬರಬ್ಯಾಡ ಅನ್ರಿ.”

ಮುದುಕಪ್ಪ ಆಗಲಿ ಎಂದು ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಕಂಪ್ಲಿ ಬಸ್ಸಿನ ಕಡೆ ನಡೆದ. ಪಾಲಪ್ಪ ಅವನ ಹಿಂದೆಯೇ ಕ್ರಾಸಿನ ತನಕ ಹೋದ. ಜಂಬವ್ವ ಬಾಗಿಲು ಮುಂದಕ್ಕೆಳೆದುಕೊಂಡು ಒಳಗೆ ಕೂತಳು.